ಹೋಗಿ, ಆದರೆ ಮುಂಗಡ ತಗೊಂಡು ಹೋಗಬೇಡಿ

(ರಾಯಚೂರಿನಲ್ಲಿ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಹಿರಿಯ ಶುಶ್ರೂಷಾಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗೆ ಕೂತಿರುವ ತಂಗಿಯರಿಗೆ, ತಮ್ಮಂದಿರಿಗೆ ನಮಸ್ಕಾರ. ಪರೀಕ್ಷೆ ಮುಗಿದ ಮೇಲೆ ಇಲ್ಲೇ ಉಳಿಯುವವರು ಯಾರು ಎಂದು ಈಗಷ್ಟೇ ಕೇಳಿದೆ. ಎದ್ದ ಕೈಗಳು ಬಹಳ ಕಡಿಮೆ. ಉಳಿದವರಲ್ಲಿ ಕೆಲವರು ಬೆಂಗಳೂರು ಎಂದಿರಿ, ಕೆಲವರು ಹೈದರಾಬಾದ್ ಎಂದಿರಿ, ಹಿಂದಿನ ಸಾಲಿನಿಂದ ಜರ್ಮನಿ ಎಂಬ ಹೆಸರೂ ಕೇಳಿತು. ಹೋಗಬೇಡಿ ಎನ್ನಲು ನಾನು ಬಂದಿಲ್ಲ. ನಾನೂ ಹೋದವಳೇ. ಬಳ್ಳಾರಿಯಲ್ಲಿ ಕಲಿತೆ, ಹೈದರಾಬಾದಿನಲ್ಲಿ ದುಡಿದೆ, ಸೌದಿಯಲ್ಲಿ ಕೆಲವು ವರ್ಷ ಐಸಿಯು ನೋಡಿಕೊಂಡೆ, ಈಗ ಕೊಪ್ಪಳ ಜಿಲ್ಲೆಯಲ್ಲಿದ್ದೇನೆ. ಹೇಗೆ ಹೋಗಬೇಕು ಎಂಬ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಊರು ಬಿಟ್ಟು ದುಡಿಯುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಬೀಗ ಬೀಳುತ್ತದೆ. ಗುಳೆ ಹೋಗುವವರಲ್ಲಿ ಎರಡು ತರಹದವರಿರುತ್ತಾರೆ. ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡು ಹೋಗುವವರು ಒಂದು ತರಹ, ರೊಟ್ಟಿ ಬುತ್ತಿ ಕಟ್ಟಿಕೊಂಡು ತಮ್ಮ ಪಾಡಿಗೆ ತಾವು ಹೋಗುವವರು ಇನ್ನೊಂದು ತರಹ. ತಮ್ಮ ಪಾಡಿಗೆ ಹೋದವರಿಗೆ ಕೂಲಿ ಸರಿ ಕಾಣದಿದ್ದರೆ ಇನ್ನೊಂದು ಕಟ್ಟಡದ ಕೆಲಸ ಹುಡುಕಿಕೊಳ್ಳಬಹುದು. ಮುಂಗಡ ತಗೊಂಡವರು ಜಡ್ಡಾದರೂ, ಬೈಗುಳ ತಿಂದರೂ, ಲೆಕ್ಕ ತೀರುವ ತನಕ ಅಲ್ಲೇ ಇರಬೇಕು. ದುಡಿಮೆ ಇಬ್ಬರದೂ ಒಂದೇ. ಬಿಟ್ಟು ಬರುವ ಶಕ್ತಿ ಒಬ್ಬರಿಗೆ ಇರುತ್ತದೆ, ಇನ್ನೊಬ್ಬರಿಗೆ ಇರುವುದಿಲ್ಲ.

ನೀವು ಓದಿದವರು, ನಿಮ್ಮ ಕೈಯಲ್ಲಿ ಡಿಗ್ರಿ, ಡಿಪ್ಲೊಮಾ ಇರುತ್ತದೆ. ಆದರೂ ನಿಮ್ಮ ವೃತ್ತಿಯಲ್ಲಿ ಮುಂಗಡ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ನಡುವೆ ಬಿಟ್ಟರೆ ಹಣ ಕಟ್ಟಬೇಕೆಂದು ಎರಡು ವರ್ಷದ ಬಾಂಡ್ ಬರೆಸಿಕೊಳ್ಳುವುದು ಒಂದು ವೇಷ. ಮೂಲ ಅಂಕಪಟ್ಟಿಯನ್ನು ಎಚ್‌.ಆರ್‌. ಬೀರುವಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಏಜೆಂಟನಿಗೆ ಕೊಡಲೆಂದು ಹೊಲ ಅಡವಿಟ್ಟು ತಂದ ಸಾಲ ಮತ್ತೊಂದು. ಈ ಹೊತ್ತು ನಾನು ಹೇಳುವುದೆಲ್ಲ ಈ ಒಂದಕ್ಕೇ ಬಂದು ನಿಲ್ಲುತ್ತದೆ: ಯಾವ ಆಸ್ಪತ್ರೆಗೆ ಹೋದರೂ ಅಲ್ಲಿಂದ ಹೊರಡಲು ಬೇಕಾದ್ದೆಲ್ಲ ನಿಮ್ಮ ಕೈಯಲ್ಲೇ ಇರಬೇಕು.

ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಎಂಬ ವ್ಯವಸ್ಥೆಯೇ ಇದೆ. ಒಂದು ಆಸ್ಪತ್ರೆಯಲ್ಲಿ ನರ್ಸ್‌ಗಳ ಕೊರತೆ ಬಿದ್ದಾಗ ಏಜೆನ್ಸಿ ಮೂಲಕ ಅಲ್ಲಿಗೆ ಹೋಗುತ್ತಾರೆ, ಸಾಮಾನ್ಯವಾಗಿ 13 ವಾರಗಳ ಒಪ್ಪಂದಕ್ಕೆ. ಸಂಬಳದ ಜೊತೆ ವಸತಿಗೂ ಊಟಕ್ಕೂ ಭತ್ಯೆ ಇರುತ್ತದೆ. ಅಲ್ಲಿಯ 40ಕ್ಕೂ ಹೆಚ್ಚು ರಾಜ್ಯಗಳು ಪರವಾನಗಿಯ ಬಗ್ಗೆ ಒಡಂಬಡಿಕೆ ಮಾಡಿಕೊಂಡಿವೆ. ಒಡಂಬಡಿಕೆಗೆ ಸೇರಿದ ಒಂದು ರಾಜ್ಯದ ನರ್ಸ್ ಅದೇ ಲೈಸೆನ್ಸಿನ ಮೇಲೆ ಉಳಿದ ರಾಜ್ಯಗಳಲ್ಲೂ ಕೆಲಸ ಮಾಡಬಹುದು. ಅವಧಿ ಮುಗಿಯಿತು, ಹೊರಟರು, ಯಾರಿಗೂ ಬೇಜಾರಿಲ್ಲ. ನಮ್ಮಲ್ಲಿ ರಾಜೀನಾಮೆ ಕೊಟ್ಟ ಹುಡುಗಿಯನ್ನು ದ್ರೋಹ ಬಗೆದವಳಂತೆ ನೋಡುವ ಆಸ್ಪತ್ರೆಗಳಿವೆ, ಅನುಭವ ಪ್ರಮಾಣಪತ್ರ ಕೊಡದೆ ಓಡಾಡಿಸುತ್ತಾರೆ. ಹಾಗಾಗಿ ಅಲ್ಲಿ ವ್ಯವಸ್ಥೆ ಮಾಡಿಕೊಡುವ ಕೆಲಸವನ್ನು ಇಲ್ಲಿ ನಿಮಗೆ ನೀವೇ ಮಾಡಿಕೊಳ್ಳಬೇಕು.

ಮೊದಲ ಎರಡು ವರ್ಷದ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಕಲಿತ ಕೂಡಲೇ ಬೆಂಗಳೂರಿನ ಓಣಿಯೊಂದರ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಓಡಬೇಡಿ. ಸಂಬಳ ಎರಡು ಮೂರು ಸಾವಿರ ಹೆಚ್ಚಿರಬಹುದು, ಆದರೆ ಅಲ್ಲಿ ಕೈ ಪಳಗುವುದಿಲ್ಲ. ಕೆಲಸ ಕಲಿಯಲು ರೋಗಿಗಳು ಬೇಕು, ಅದರಲ್ಲಿ ನಮ್ಮ ಭಾಗಕ್ಕೆ ಕೊರತೆಯಿಲ್ಲ. ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ನಾವೆಲ್ಲ ವಿಮ್ಸ್ ಎಂದೇ ಕರೆದು ರೂಢಿಯಾದ, ಈಗ ಬಿಎಂಸಿಆರ್‌ಸಿ ಆಗಿರುವ ಹಳೆಯ ಆಸ್ಪತ್ರೆ, ಕೊಪ್ಪಳದ ಕಿಮ್ಸ್: ಇವುಗಳ ತುರ್ತು ವಿಭಾಗದಲ್ಲಿ ಒಂದು ಬೇಸಿಗೆ ನಿಂತವರಿಗೆ ಹಾವು ಕಚ್ಚಿದವರು, ಕ್ರಿಮಿನಾಶಕ ಕುಡಿದವರು, ಬೈಕಿನಿಂದ ಬಿದ್ದು ತಲೆ ಒಡೆದುಕೊಂಡವರು, ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಯರು ಎಲ್ಲರೂ ಕಾಣುತ್ತಾರೆ. ಒಬ್ಬ ರೋಗಿಯ ಮುಖ ನೋಡಿ, ಮಾನಿಟರ್ ಕೂಗುವ ಮೊದಲೇ, ಈತ ಕೆಡುತ್ತಿದ್ದಾನೆ ಎಂದು ಗೊತ್ತಾಗುವ ಕಣ್ಣು ಇಂಥ ವಾರ್ಡುಗಳಲ್ಲಿ ಬರುತ್ತದೆ. ಆ ಕಣ್ಣು ಬಂದ ಮೇಲೆ ನೀವು ರಿಯಾದ್‌ಗೆ ಹೋದರೂ ಮ್ಯೂನಿಕ್‌ಗೆ ಹೋದರೂ ಅದು ನಿಮ್ಮ ಜೊತೆಗೇ ಬರುತ್ತದೆ, ಯಾವ ಎಚ್‌.ಆರ್‌. ಬೀರುವಿನಲ್ಲೂ ಅದನ್ನು ಇಟ್ಟುಕೊಳ್ಳಲಾಗುವುದಿಲ್ಲ. ಗುತ್ತಿಗೆ ಹುದ್ದೆಯೇ ಸಿಗಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಕೆಲಸವೇ ಆಗಲಿ, ಮೊದಲ ಎರಡು ವರ್ಷಕ್ಕೆ ಪರವಾಗಿಲ್ಲ. ಕೊಲ್ಲಿ ದೇಶದವರೂ ಸಾಮಾನ್ಯವಾಗಿ ಎರಡು ವರ್ಷದ ಅನುಭವವನ್ನೇ ಕೇಳುತ್ತಾರೆ.

ಎಲ್ಲರೂ ವಾರ್ಡಿನಲ್ಲೇ ಇರಬೇಕು ಎಂದೇನಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಇವೆಲ್ಲ ನಮ್ಮ ಸುತ್ತಲೇ ಇವೆ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ರೂಮ್, ಅಂದರೆ ತುರ್ತು ಚಿಕಿತ್ಸೆಯ ಕೋಣೆ, ಇರಬೇಕು, ಅದರಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರಬೇಕು ಎಂದು ಫ್ಯಾಕ್ಟರಿ ಕಾನೂನಿನಲ್ಲೇ ಬಂದದ್ದು. ಗಂಡು ಹುಡುಗರು ಈ ಕಡೆ ನೋಡುವುದು ಕಡಿಮೆ. ನೋಡಿ.

ಇನ್ನು ಕಾಗದ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿ. ಕೆಲಸ ಗೊತ್ತಿರುತ್ತದೆ, ಕಾಗದ ಸರಿ ಇರುವುದಿಲ್ಲ. ಹುಲಿಗೆಮ್ಮ ಎಂಬ ಹೆಸರು ಕೊಪ್ಪಳ, ರಾಯಚೂರಿನಲ್ಲಿ ಮನೆಗೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದರ ಇಂಗ್ಲಿಷ್ ಅಕ್ಷರಗಳು ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಒಂದರಲ್ಲಿ ಅಪ್ಪನ ಹೆಸರು ಸೇರಿದೆ, ಇನ್ನೊಂದರಲ್ಲಿ ಊರಿನ ಹೆಸರಿನ ಇನಿಷಿಯಲ್. ಇಲ್ಲಿ ಯಾರೂ ಕೇಳುವುದಿಲ್ಲ. ವಿದೇಶದ ಪರವಾನಗಿ ಕಚೇರಿಯಲ್ಲಿ ಕೂತವನಿಗೆ ಮಾತ್ರ ಅವರು ಮೂರು ಬೇರೆ ಬೇರೆ ಹೆಂಗಸರು. ಕಾಲೇಜಿನಲ್ಲಿ ಇರುವಾಗಲೇ, ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ಅರ್ಜಿ ಹಾಕುವ ಮೊದಲೇ, ಎಲ್ಲ ದಾಖಲೆಗಳನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸರಿಹೊಂದಿಸಿಕೊಳ್ಳಿ. ಆಮೇಲೆ ಮಾಡುತ್ತೇನೆಂದರೆ ಒಂದಕ್ಕೆ ಮೂರು ಕಚೇರಿ ಅಲೆಯಬೇಕಾಗುತ್ತದೆ.

ಕೊಲ್ಲಿ ದೇಶಗಳಿಗೆ ಅರ್ಜಿ ಹಾಕಿದಾಗ ಡಾಟಾಫ್ಲೋ ಎಂಬ ಸಂಸ್ಥೆ ನಿಮ್ಮ ದಾಖಲೆಗಳನ್ನು ಪರಿಶೀಲಿಸುತ್ತದೆ. ನಿಮ್ಮ ಕೈಯಲ್ಲಿರುವ ಅನುಭವ ಪ್ರಮಾಣಪತ್ರವನ್ನು ನೋಡಿ ಅವರು ಸುಮ್ಮನಾಗುವುದಿಲ್ಲ, ಅದನ್ನು ಕೊಟ್ಟ ಆಸ್ಪತ್ರೆಗೇ ಬರೆದು ಕೇಳುತ್ತಾರೆ. ಆಸ್ಪತ್ರೆ ಉತ್ತರ ಕೊಡದಿದ್ದರೆ, ಅಥವಾ ಅಷ್ಟರಲ್ಲಿ ಬಾಗಿಲು ಹಾಕಿದ್ದರೆ, ನೀವು ನಿಜವಾಗಿ ಬೆವರು ಸುರಿಸಿದ ವರ್ಷಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಹಾಗಾಗಿ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಇದನ್ನೂ ಯೋಚಿಸಿ: ಐದು ವರ್ಷದ ನಂತರ ನನ್ನ ಬಗ್ಗೆ ಪತ್ರ ಬಂದರೆ ಉತ್ತರ ಬರೆಯುವವರು ಇಲ್ಲಿ ಇರುತ್ತಾರೆಯೇ? ನೇಮಕಾತಿ ಪತ್ರ, ಸಂಬಳದ ಚೀಟಿ, ಬಿಡುಗಡೆ ಪತ್ರ, ಈ ಮೂರನ್ನೂ ಪ್ರತಿ ಕೆಲಸದಿಂದಲೂ ತಗೊಂಡೇ ಹೊರಬನ್ನಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡಿರಿ, ಎಷ್ಟು ಹೆರಿಗೆ ಮಾಡಿಸಿದಿರಿ, ಯಾವ ಡಯಾಲಿಸಿಸ್ ಯಂತ್ರ ಗೊತ್ತು, ಎಲ್ಲವನ್ನೂ ತಿಂಗಳಿಗೊಮ್ಮೆ ಬರೆದಿಡಿ. ರೋಗಿಗಳ ಹೆಸರು ಬರೆಯಬೇಡಿ, ಅದು ಅವರ ಗುಟ್ಟು. ಸಂದರ್ಶನದಲ್ಲಿ ಆ ನೋಟ್‌ಬುಕ್ ನಿಮ್ಮ ಪರವಾಗಿ ಮಾತಾಡುತ್ತದೆ.

ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಕೊಡಬೇಡಿ. ತೋರಿಸಿ, ಪ್ರತಿ ಕೊಡಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ನನ್ನ ಜೊತೆಗಾರ್ತಿಯೊಬ್ಬಳು ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೂಲ ಅಂಕಪಟ್ಟಿ ಇಟ್ಟು ಸೇರಿದಳು. ಅಪ್ಪನಿಗೆ ಲಕ್ವ ಹೊಡೆದಾಗ ಊರಿಗೆ ಬರಲು ರಾಜೀನಾಮೆ ಕೊಟ್ಟರೆ, ಬಾಂಡಿನ ಹಣ ಕಟ್ಟಿ ಕಾಗದ ಒಯ್ಯಿ ಎಂದರು. ಅಪ್ಪನ ಔಷಧಕ್ಕೆಂದು ಕೂಡಿಸಿಟ್ಟ ಹಣ ಅದಕ್ಕೇ ಹೋಯಿತು. ಸೇರುವ ದಿನ ಬಾಂಡ್ ಮುಂದಿಟ್ಟರೆ ಮನೆಗೆ ತಂದು ಓದಿ, ತಿಳಿದವರಿಗೆ ತೋರಿಸಿ. ಓದಲು ಒಂದು ದಿನ ಕೊಡದ ಆಸ್ಪತ್ರೆ ಮುಂದೆ ರಜೆ ಕೊಡುವ ಆಸ್ಪತ್ರೆ ಆಗಿರುವುದಿಲ್ಲ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಭಾಷೆಯೂ ಅಷ್ಟು ತೊಂದರೆಯಿಲ್ಲ, ತೆಲುಗು, ಉರ್ದು ನಮ್ಮ ಓಣಿಯಲ್ಲೇ ಕೇಳುತ್ತ ಬೆಳೆದವರು ನಾವು. ಆದರೆ ಅದು ಬೇರೆ ರಾಜ್ಯ. ಕರ್ನಾಟಕದ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ಅಲ್ಲಿಯ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಿಕೊಳ್ಳಬೇಕು. ಅದಿಲ್ಲದೆ ಸೇರಿಸಿಕೊಳ್ಳುವ ಆಸ್ಪತ್ರೆ ನಿಮಗೆ ಉಪಕಾರ ಮಾಡುತ್ತಿಲ್ಲ. ಏನಾದರೂ ಹೆಚ್ಚುಕಡಿಮೆ ಆದ ದಿನ ಈಕೆ ನಮ್ಮ ನರ್ಸೇ ಅಲ್ಲ ಎಂದುಬಿಡಲು ಅವರಿಗೆ ದಾರಿ ಇರುತ್ತದೆ.

ಸರ್ಕಾರಿ ಕೆಲಸದ ಬಗ್ಗೆ ಎರಡು ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ನಮ್ಮ ಹಿರಿಯರು ವರ್ಷಗಟ್ಟಲೆ ಹೋರಾಡಿ ತಂದುಕೊಟ್ಟದ್ದು. ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲು. ನಿಮ್ಮ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ನೀವು ದುಬೈಗೇ ಹೋಗುವವರಾದರೂ ಸರಿ. ಹತ್ತು ವರ್ಷದ ನಂತರ ತಿರುಗಿ ಬರುವ ಮನಸ್ಸಾದರೆ ಬಾಗಿಲು ತೆರೆದಿರಬೇಕು. ಹಾಗೆಯೇ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಗೆ ನಡೆಯುವ ನಾರ್ಸೆಟ್ ಪರೀಕ್ಷೆ ಬರೆಯಿರಿ. ಏಮ್ಸ್ ನಮ್ಮ ರಾಯಚೂರಿಗೇ ಬರಲಿ ಎಂದು 2022ರಿಂದ ಜನ ಧರಣಿ ಕೂತಿದ್ದಾರೆ, ಅದು ಬರಲೇಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಬರುವವರೆಗೆ ಜೋಧಪುರದ ಏಮ್ಸ್ ಆದರೇನು, ರಾಯಪುರದ ಏಮ್ಸ್ ಆದರೇನು, ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನವೇ 44,900 ರೂಪಾಯಿಯಿಂದ ಶುರು. ನಮ್ಮ ಹುಡುಗಿಯರು ಇಂಗ್ಲಿಷ್ ಹೆದರಿಕೆಯಿಂದ ಅರ್ಜಿಯನ್ನೇ ಹಾಕುವುದಿಲ್ಲ. ಪ್ರಶ್ನೆಗಳೆಲ್ಲ ನೀವು ಓದಿದ ನರ್ಸಿಂಗ್ ಮೇಲೆಯೇ ಇರುತ್ತವೆ, ಕೈ ಹಿಡಿದು ಹೇಳುತ್ತೇನೆ, ಬರೆಯಿರಿ.

ಖಾಸಗಿಯಲ್ಲಿ ಸಂಬಳ ಮಾತಾಡುವಾಗ ಒಂದು ವಿಷಯ ನೆನಪಿರಲಿ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2016ರಲ್ಲೇ ಶಿಫಾರಸು ಮಾಡಿದೆ: ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು. ಎಷ್ಟೋ ಕಡೆ ಅದು ಕಾಗದದಲ್ಲೇ ಉಳಿದಿದೆ, ನನಗೂ ಗೊತ್ತು, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದರೂ ಕೇಳುವಾಗ ಗೊತ್ತಿದ್ದು ಕೇಳಿ. ಪಿಎಫ್ ಕಟ್ಟುತ್ತಾರೆಯೇ ಎಂದು ಕೇಳಿ. ಯುಎಎನ್ ಎಂಬ ಒಂದೇ ಪಿಎಫ್ ಸಂಖ್ಯೆ ಎಲ್ಲ ಕೆಲಸಕ್ಕೂ ನಡೆಯುತ್ತದೆ, ಊರು ಬದಲಿಸಿದಾಗೆಲ್ಲ ವರ್ಗ ಮಾಡಿಸಿಕೊಳ್ಳಿ. ಕೆಲಸ ಬಿಟ್ಟಾಗಲೆಲ್ಲ ಪೂರ್ತಿ ತೆಗೆದುಬಿಡುವವರಿಗೆ ಹತ್ತು ವರ್ಷದ ಸೇವೆ ಎಂದೂ ಕೂಡುವುದಿಲ್ಲ, ಆ ಹತ್ತು ವರ್ಷ ಕೂಡದೆ ಪಿಎಫ್ ಪಿಂಚಣಿ ಸಿಗುವುದಿಲ್ಲ. ಊರೂರು ತಿರುಗುವವರು ಇದನ್ನೇ ಮರೆಯುವುದು.

ವಿದೇಶಕ್ಕೆ ಬರೋಣ. 2014ರಲ್ಲಿ ಇರಾಕಿನ ತಿಕ್ರಿತ್ ಊರಿನಲ್ಲಿ ಯುದ್ಧದ ನಡುವೆ 46 ಭಾರತೀಯ ನರ್ಸ್‌ಗಳು ಸಿಕ್ಕಿಬಿದ್ದಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಲಿಕ್ಕಿಲ್ಲ, ಆಗ ನೀವು ಸಣ್ಣವರು. ಬಹುತೇಕ ಎಲ್ಲರೂ ಕೇರಳದವರು. ಜುಲೈ ಮೊದಲ ವಾರ ಅವರು ಸುರಕ್ಷಿತವಾಗಿ ಕೊಚ್ಚಿಗೆ ಬಂದಿಳಿದಾಗ ದೇಶವೇ ಉಸಿರು ಬಿಟ್ಟಿತು. ಅವರಲ್ಲಿ ಹಲವರು ಸಾಲ ಮಾಡಿ ಅಲ್ಲಿಗೆ ಹೋಗಿದ್ದರು. ಗುಂಡಿನ ಸದ್ದು ಕೇಳುತ್ತಿದ್ದರೂ, ಸಾಲ ತೀರದೆ ಹೇಗೆ ಬರಲಿ ಎಂಬ ಚಿಂತೆ ಅವರಲ್ಲಿ ಇತ್ತು ಎಂಬುದನ್ನು ಯೋಚಿಸಿ ನೋಡಿ. ಮುಂಗಡ ಎಂದೆನಲ್ಲ, ಅದರ ತೂಕ ಇಷ್ಟು.

ಈಗ ನಿಯಮಗಳಿವೆ, ತಿಳಿದುಕೊಳ್ಳಿ. ಸೌದಿ, ಕುವೈತ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳು, ಯಾವ ತರಹದ ಪಾಸ್‌ಪೋರ್ಟ್ ಇದ್ದರೂ, 2015ರಿಂದ ಇ-ಮೈಗ್ರೇಟ್ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯಲೇಬೇಕು. ಏಜೆಂಟ್ ನಿಮ್ಮಿಂದ ತಗೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎಂದರೆ ಆಗಲೂ ಎದ್ದು ಬನ್ನಿ. ಹೊರದೇಶಕ್ಕೆ ದುಡಿಯಲು ಹೋಗುವವರಿಗಿರುವ ಪ್ರವಾಸಿ ಭಾರತೀಯ ವಿಮೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ ಹತ್ತು ಲಕ್ಷದ ರಕ್ಷಣೆ. ಒಂದು ಊಟದ ದುಡ್ಡು, ಬಿಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಅದನ್ನು ಮಾಲೀಕನ ಡ್ರಾಯರಿನಲ್ಲಿ ಬಿಡಬೇಡಿ.

ಜರ್ಮನಿ ಎಂದವರು ಕೇಳಿ. ಅಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತ ಮುಟ್ಟಬೇಕು. ಸೊನ್ನೆಯಿಂದ ಶುರು ಮಾಡಿದರೆ ಸುಮಾರು ಒಂದು ವರ್ಷದ ಶ್ರದ್ಧೆ ಬೇಕಾಗುತ್ತದೆ. ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ. ಬ್ರಿಟನ್ನಿನ ನೇಮಕಾತಿ ನೀತಿಸಂಹಿತೆಯ ಪ್ರಕಾರ ನರ್ಸ್‌ಗಳಿಂದ ನೇಮಕಾತಿ ಶುಲ್ಕ ವಸೂಲಿ ಮಾಡುವಂತಿಲ್ಲ. ಇದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಕೊಟ್ಟುಬಿಡುತ್ತಾರೆ.

ಇನ್ನು ಹೇಳಲು ಕಷ್ಟವಾದ ವಿಷಯ: ಮನೆ ಮತ್ತು ದುಡ್ಡು. ಮೊದಲ ಸಂಬಳ ಬಂದ ತಿಂಗಳಿನಿಂದ ಮನೆಯಿಂದ ಫೋನ್ ಶುರುವಾಗುತ್ತದೆ. ತಮ್ಮನ ಫೀಸ್, ಅಕ್ಕನ ಕುಬುಸದ ಖರ್ಚು, ಬೋರು ಹಾಕಿಸಿದರೆ ನೀರು ಬೀಳಲಿಲ್ಲ, ಇನ್ನೊಂದು ಪಾಯಿಂಟ್ ತೋರಿಸಿದ್ದಾರೆ. ಕೊಡಬೇಡಿ ಎಂದು ನಾನು ಎಂದೂ ಹೇಳುವುದಿಲ್ಲ. ಅವರು ಬದು ಹಾಕಿ, ಹತ್ತಿ ಬಿಡಿಸಿ, ಕೂಲಿ ಮಾಡಿ ನಿಮ್ಮನ್ನು ಇಲ್ಲಿಗೆ ತಂದಿದ್ದಾರೆ. ಆದರೆ ಕೊಡುವ ಮೊದಲು ಒಂದು ಭಾಗವನ್ನು ನಿಮ್ಮ ಹೆಸರಿನ ಖಾತೆಗೆ ತೆಗೆದಿಡಿ, ಉಳಿದದ್ದರಲ್ಲಿ ಕೊಡಿ. ಕೆಲಸ ಹೋದರೂ ಮೂರು ತಿಂಗಳು ಬಾಡಿಗೆ, ಊಟ ನಡೆಯುವಷ್ಟು ಆ ಖಾತೆಯಲ್ಲಿ ಸದಾ ಇರಲಿ. ಆ ಮೂರು ತಿಂಗಳ ದುಡ್ಡಿದ್ದರೆ ನೀವು ಕೆಟ್ಟ ಸೂಪರ್‌ವೈಸರ್ ಮುಂದೆ ತಲೆ ಎತ್ತಿ ನಿಲ್ಲಬಹುದು. ಇಲ್ಲದಿದ್ದರೆ ಮನೆಗೆ ಕಳಿಸುವ ಪ್ರತಿ ರೂಪಾಯಿಯೂ ನಿಮ್ಮನ್ನು ಅಲ್ಲೇ ಕಟ್ಟಿಹಾಕುತ್ತದೆ. ಬೋರಿಗೆ ಎಷ್ಟು, ಫೀಸಿಗೆ ಎಷ್ಟು ಎಂದು ವರ್ಷದ ಮೊದಲೇ ಅಪ್ಪಾಜಿಯ ಜೊತೆ ಕೂತು ಮಾತಾಡಿ. ಬಾಯಿಬಿಟ್ಟು ಹೇಳಿದರೆ ನಮ್ಮ ಹಳ್ಳಿಯ ಅಪ್ಪಂದಿರಿಗೆ ಅರ್ಥವಾಗುತ್ತದೆ, ನಾನು ನೋಡಿದ್ದೇನೆ.

ಮೈ ಆರೋಗ್ಯ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆ ಎಂದು ಎಲ್ಲರೂ ಹೇಳುತ್ತೀರಿ. ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿದವರು ಎಷ್ಟು ಮಂದಿ? ಕೊನೆಯ ಡೋಸಿನ ನಂತರ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು, ಫಲಿತಾಂಶ ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನಿಶ್ಚಿಂತೆ. ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆಯ ಹಳೆಯ ಲೆಕ್ಕ ಒಂದಿದೆ: ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ ಮೂವತ್ತರವರೆಗೆ, ಹೆಪಟೈಟಿಸ್ ಸಿ ಸುಮಾರು ಮೂರು, ಎಚ್‌ಐವಿ 0.3. ಎಲ್ಲರೂ ಹೆದರುವುದು ಕೊನೆಯದಕ್ಕೆ, ಮೈಮರೆಯುವುದು ಮೊದಲನೆಯದಕ್ಕೆ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದರೆ ಉಪಯೋಗವಿಲ್ಲ, 28 ದಿನ ನುಂಗಬೇಕು. ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ. ಏಜೆನ್ಸಿ ಮೂಲಕ ಹೋದವರಿಗೆ ಇಲ್ಲಿ ಒಂದು ಕುತ್ತು ಇದೆ. ಆಸ್ಪತ್ರೆ ನೀನು ಏಜೆನ್ಸಿಯವಳು ಎನ್ನುತ್ತದೆ, ಏಜೆನ್ಸಿ ಚುಚ್ಚಿದ್ದು ಆಸ್ಪತ್ರೆಯಲ್ಲಿ ಎನ್ನುತ್ತದೆ, ತಾಸುಗಳು ಕಳೆಯುತ್ತವೆ. ಹೊಸ ಜಾಗಕ್ಕೆ ಹೋದ ಮೊದಲ ದಿನವೇ ಕೇಳಿಟ್ಟುಕೊಳ್ಳಿ: ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿದರೆ ನಾನು ಯಾರ ಹತ್ತಿರ ಹೋಗಬೇಕು?

ರಾತ್ರಿ ಪಾಳಿ. ಹಗಲು ಮಲಗುವುದು ರಾಯಚೂರಿನ ಏಪ್ರಿಲ್‌ನಲ್ಲಿ ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಪಿ.ಜಿ.ಯಲ್ಲಿ ಕೋಣೆ ಹಿಡಿಯುವಾಗ ನಿಮ್ಮದೇ ಪಾಳಿಯವರ ಜೊತೆ ಹಿಡಿಯಿರಿ. ಹಗಲು ಪಾಳಿಯವಳು ಬೆಳಗ್ಗೆ ಕುಕ್ಕರ್ ಇಟ್ಟರೆ ನಿಮ್ಮ ನಿದ್ದೆ ಮುಗಿಯಿತು. ಕಿಟಕಿಗೆ ದಪ್ಪ ಪರದೆ ಹಾಕಿ, ಫೋನ್ ದೂರ ಇಡಿ. ಪಾಳಿ ಮುಗಿದು ನಿದ್ದೆಗಣ್ಣಿನಲ್ಲಿ ಸ್ಕೂಟಿ ಓಡಿಸಬೇಡಿ. ರಾತ್ರಿ ಊಟಕ್ಕೆ ಕ್ಯಾಂಟೀನಿನ ಪಫ್ಸ್ ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡವರನ್ನು ಬಹಳ ಕಂಡಿದ್ದೇನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಊರಿಂದ ಬರುವಾಗ ಕಟ್ಟಿಸಿಕೊಂಡು ಬನ್ನಿ, ಹಾಸ್ಟೆಲ್‌ನಲ್ಲಿ ತಿನ್ನಲು ನಾಚಬೇಡಿ. ನೀರು ಕುಡಿಯಿರಿ. ಶೌಚಕ್ಕೆ ಹೋಗಲು ಪುರುಸೊತ್ತಿಲ್ಲವೆಂದು ನೀರು ಬಿಟ್ಟು ಮೂತ್ರದ ಸೋಂಕು ತಂದುಕೊಳ್ಳುವುದು ನಮ್ಮ ವೃತ್ತಿಯ ಹೆಣ್ಣುಮಕ್ಕಳ ಮನೆಮಾತಿನ ಜಡ್ಡು. ರೋಗಿಯನ್ನು ಒಬ್ಬರೇ ಎತ್ತಬೇಡಿ, ಹಾಸಿಗೆ ಹಿಡಿದ ಭಾರೀ ಮನುಷ್ಯನನ್ನು ಎಳೆಯುವಾಗ ಹೋದ ಸೊಂಟ ಮತ್ತೆ ಮೊದಲಿನಂತಾಗುವುದು ಕಷ್ಟ.

ಹೋಮ್ ಕೇರ್ ಕೆಲಸಕ್ಕೆ ಹೋಗುವವರು, ಅಂದರೆ ಬೆಂಗಳೂರಿನ ಮನೆಗಳಲ್ಲಿ ಉಳಿದು ವಯಸ್ಸಾದವರನ್ನು ನೋಡಿಕೊಳ್ಳುವವರು, ಇನ್ನೂ ಎಚ್ಚರ ಇರಬೇಕು. ಅಲ್ಲಿ ನಿಮ್ಮ ಜೊತೆ ಇನ್ನೊಬ್ಬ ಸಿಸ್ಟರ್ ಇರುವುದಿಲ್ಲ. ಮಲಗುವ ಜಾಗ, ವಾರದ ರಜೆ, ಅಡಿಗೆ ಕಸಗುಡಿಸುವ ಕೆಲಸ ನಿಮ್ಮದಲ್ಲ ಎಂಬುದು, ಎಲ್ಲವೂ ಒಪ್ಪಂದದಲ್ಲಿ ಬರೆದಿರಲಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ಮನೆಯೂ ಕೆಲಸದ ಸ್ಥಳವೇ. ಮೂರು ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆಸ್ಪತ್ರೆಯಲ್ಲಿ ಹಲ್ಲೆ ನಡೆದರೆ 2009ರ ಕರ್ನಾಟಕದ ಕಾನೂನು ಇದೆ, ಅದು ಡಾಕ್ಟರ್‌ಗಳಿಗಷ್ಟೇ ಅಲ್ಲ, ನಿಮಗೂ. ಕೋಲ್ಕತ್ತದಲ್ಲಿ 2024ರ ಆಗಸ್ಟ್‌ನಲ್ಲಿ ಏನಾಯಿತು ಎಂದು ನೆನಪಿದೆ. ರಾತ್ರಿ ಪಾಳಿಯಲ್ಲಿ ವಿಶ್ರಾಂತಿಗೆ ಹೋದ ಯುವ ವೈದ್ಯೆ ತಿರುಗಿ ಬರಲಿಲ್ಲ. ಹೊಸ ಆಸ್ಪತ್ರೆಯಲ್ಲಿ ವಿಶ್ರಾಂತಿ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ, ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೇ, ನೋಡಿ. ಇಲ್ಲದಿದ್ದರೆ ಎಲ್ಲರೂ ಸೇರಿ ಬರಹದಲ್ಲಿ ಕೇಳಿ.

ಮದುವೆಯ ಬಗ್ಗೆ ಇಷ್ಟೇ. ನೋಡಲು ಬಂದವರ ಮುಂದೆಯೇ ರಾತ್ರಿ ಪಾಳಿ ಇರುತ್ತದೆ, ವರ್ಗಾವಣೆ ಇರುತ್ತದೆ ಎಂದು ಹೇಳಿಬಿಡಿ. ಮದುವೆಯಾದ ಮೇಲೆ ತಿಳಿಯಲಿ ಎಂದು ಹಿರಿಯರು ಮುಚ್ಚಿಟ್ಟ ಕಡೆಯೆಲ್ಲ ಕೆಲಸ ಬಿಡಬೇಕಾದವಳು ಹುಡುಗಿಯೇ.

ಪ್ರಶ್ನೆಗಳು ಇದ್ದರೆ ಕೇಳಿ.

(ಮೊದಲು ಎದ್ದವಳು ಸಿಂಧನೂರು ಕಡೆಯ ವಿದ್ಯಾರ್ಥಿನಿ: "ಅಕ್ಕಾರ, ನಮ್ಮವ್ವಗ ವಾರಕ್ಕ ಎರಡ ಸಲ ಡಯಾಲಿಸಿಸ್ ನಡದೈತ್ರಿ. ನಾ ಬೆಂಗಳೂರಿಗೆ ಹೋಗಬೇಕೋ ಬ್ಯಾಡೋ?")

ತಂಗಿ, ಹೋಗಬೇಡ, ಈಗ. ಮನಸ್ಸು ಗಟ್ಟಿ ಮಾಡಿಕೊಂಡು ಹೋದರೂ ನಿನ್ನ ಜೀವ ಇಲ್ಲೇ ಇರುತ್ತದೆ, ಕೆಲಸದಲ್ಲಿ ಮೈಮರೆವು ಬರುತ್ತದೆ. ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ನಡೆಯುತ್ತದೆ, ಆ ಕೇಂದ್ರಗಳಿಗೆ ತರಬೇತಾದ ನರ್ಸ್ ಬೇಕು. ಅಮ್ಮನ ಪಕ್ಕ ಕೂತಾಗ ಯಂತ್ರ ನಡೆಸುವವರನ್ನು ಗಮನಿಸು, ಅಲ್ಲೇ ಕೆಲಸ ಇದೆಯೇ ಕೇಳು. ಎರಡು ವರ್ಷ ಡಯಾಲಿಸಿಸ್ ಕೆಲಸ ಕಲಿತವಳಿಗೆ ಎಲ್ಲ ಊರಲ್ಲೂ ಕೆಲಸ ಇದೆ, ಆಗ ಹೋಗುವೆಯಂತೆ. ಆ ನಡುವೆ ನಾರ್ಸೆಟ್‌ಗೆ ಓದು.

(ಹಿಂದಿನಿಂದ ಒಬ್ಬ ಹುಡುಗ: "ಮೇಡಂ, ಕುವೈತಿಗೆ ಕಳಸ್ತೀನಿ, ಪೈಲಾ ಐವತ್ತು ಸಾವಿರ ಕಟ್ಟು ಅಂತ ಒಬ್ಬ ಏಜೆಂಟ್ ಅಂತಾನ್ರೀ. ರಸೀದಿ ಆಮ್ಯಾಲ ಕೊಡ್ತಾನಂತ. ನಾಡಿದ್ದು ಕಟ್ಟಬೇಕು.")

ಕಟ್ಟಬೇಡ ತಮ್ಮಾ. ಕುವೈತ್ ಆ 18 ದೇಶಗಳಲ್ಲಿ ಒಂದು, ಇ-ಮೈಗ್ರೇಟ್ ಇಲ್ಲದೆ ನರ್ಸ್ ಆಗಿ ಹೋಗುವಂತೆಯೇ ಇಲ್ಲ. ನೋಂದಾಯಿತ ಏಜೆಂಟರ ಹೆಸರು, ಲೈಸೆನ್ಸ್ ನಂಬರ್, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ, ಎಲ್ಲ ಆ ಜಾಲತಾಣದಲ್ಲಿ ಇರುತ್ತದೆ. ಅವನ ಕಾರ್ಡ್ ಇದೆಯೇ ನಿನ್ನ ಹತ್ತಿರ? ತಗೊಂಡು ಮುಂದೆ ಬಾ, ಈಗಲೇ ಹುಡುಕೋಣ. ಬೇರೆ ಯಾರಿಗಾದರೂ ಇದೇ ಮನುಷ್ಯ ಫೋನ್ ಮಾಡಿದ್ದರೆ ಅವರೂ ಬನ್ನಿ.